ಅಮ್ಮನ ಎಂಟುನೂರು ರೂಪಾಯಿಗೆ ಪೆಟ್ಟು ಯಾವುದರಿಂದ: ತೆರಿಗೆಯಿಂದಲೋ, ಕಡಿತದಿಂದಲೋ?

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ಕೋಲಾರ ಜಿಲ್ಲೆ): ನಮಸ್ಕಾರ ಸರ್. ನನ್ನ ಅಮ್ಮನಿಗೆ ವಿಧವಾ ವೇತನ ತಿಂಗಳಿಗೆ 800 ರೂಪಾಯಿ ಬರುತ್ತದೆ. ತೆರಿಗೆ ಹೆಚ್ಚಿಸಿದರೆ ಬೆಲೆ ಏರಿ ಬಡವರಿಗೇ ಕಷ್ಟ, ಅದರ ಬದಲು ಸರ್ಕಾರ ಖರ್ಚು ಕಡಿಮೆ ಮಾಡಲಿ ಎಂದು ಊರಿನಲ್ಲಿ ಓದಿದವರೇ ಹೇಳುತ್ತಾರೆ. ಅದು ನಿಜವೇ?

ಉತ್ತರ (ನಿವೃತ್ತ ಲೆಕ್ಕಾಧಿಕಾರಿ): ನಮಸ್ಕಾರ ಅಮ್ಮ. ಅರ್ಧ ನಿಜ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಿತು, ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾಯಿತು. ಐದು ಟನ್ ಟೊಮೆಟೊ ಹೊತ್ತ ಲಾರಿಯೊಂದು ಕೋಲಾರದಿಂದ ಬೆಂಗಳೂರಿಗೆ ಹೋಗಿ ಬರಲು ಮೂವತ್ತು ಲೀಟರ್ ಕುಡಿದರೂ ಹೆಚ್ಚುವರಿ ಹೊರೆ ತೊಂಬತ್ತು ರೂಪಾಯಿ, ಅಂದರೆ ಕಿಲೋಗೆ ಎರಡು ಪೈಸೆಗೂ ಕಡಿಮೆ. ವ್ಯಾಪಾರಿ ಅದನ್ನೇ ನೆಪ ಮಾಡಿಕೊಂಡು ಹೆಚ್ಚು ಏರಿಸಬಹುದು, ಟಿಲ್ಲರ್ ಓಡಿಸುವ ಸಣ್ಣ ರೈತನಿಗೆ ನೇರ ಪೆಟ್ಟೂ ಬೀಳುತ್ತದೆ. ಆದರೂ ಆ ಹೊರೆ ಕೋಟ್ಯಂತರ ಜನರ ನಡುವೆ ಹಂಚಿಹೋಗುತ್ತದೆ. ಕಡಿತ ಹಾಗಲ್ಲ. ನಿಮ್ಮ ಅಮ್ಮನ 800 ನಿಂತರೆ ಅಷ್ಟೂ ನಷ್ಟವನ್ನು ಅವರೊಬ್ಬರೇ ಹೊರಬೇಕು.

ನನ್ನನ್ನು ಹೆಚ್ಚು ಕಾಡುವುದು ಯಾರೂ ಘೋಷಿಸದ ಕಡಿತ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು. ಅಂದಿನಿಂದ ಹಳ್ಳಿಯ ಬೆಲೆಗಳು ಸುಮಾರು ಮೂರು ಪಟ್ಟಾಗಿವೆ. ಅಂದಿನ ಲೆಕ್ಕದಲ್ಲಿ ಆ ಹಣ ಇಂದು ಅರವತ್ತೈದು ರೂಪಾಯಿಯ ಆಸುಪಾಸಿಗೆ ಇಳಿದಿದೆ. ಕಡಿತದ ಆದೇಶಕ್ಕೆ ಯಾರೂ ಸಹಿ ಹಾಕಲಿಲ್ಲ, ಹಾಗಾಗಿ ಯಾರೂ ಪ್ರತಿಭಟಿಸಲೂ ಇಲ್ಲ. ನಿಮ್ಮ ಅಮ್ಮನ ವೇತನವನ್ನು ರಾಜ್ಯ 2021ರಲ್ಲಿ 600ರಿಂದ 800ಕ್ಕೆ ಏರಿಸಿತು. ಬೆಲೆ ಏರಿದಂತೆ ತಾನೂ ಏರುವ ಹಾಗೆ ಅದನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸದಿದ್ದರೆ ಅದಕ್ಕೂ ಇದೇ ಗತಿ. ನೌಕರರಾಗಿದ್ದ ನಮ್ಮಂಥವರ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ, ನಿಮ್ಮ ಅಮ್ಮನ ವೇತನಕ್ಕೆ ಅದಿಲ್ಲ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಮರುಪ್ರಶ್ನೆ (ಕಿರಾಣಿ ಅಂಗಡಿ ಮಾಲೀಕರು): ಸರ್, ದುಂದುವೆಚ್ಚ ನಿಲ್ಲಿಸಿದರೆ ಸಾಲದೇ? ತೆರಿಗೆ ಕೊಟ್ಟು ಕೊಟ್ಟು ನಮಗೆ ಸಾಕಾಗಿದೆ.

ಉತ್ತರ: ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. 2022ರ ಜುಲೈ 18ರಂದು ಪೊಟ್ಟಣದ ಮೊಸರು, ಅಕ್ಕಿಗೆ ಶೇ 5 ಜಿಎಸ್‌ಟಿ ಹಾಕಿದಾಗ ಗ್ರಾಹಕರ ಬೈಗುಳ ಕೇಳಿದವರು ನೀವೇ. ದುಂದುವೆಚ್ಚ ಖಂಡಿತ ನಿಲ್ಲಬೇಕು. ಆದರೆ ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವನ್ನು ಯಾವ ಸರ್ಕಾರವೂ ಮುಟ್ಟಲಾಗದು. ಆರ್ಥಿಕ ಇಲಾಖೆಯ ಕತ್ತರಿ ಬೀಳುವುದು ಉಳಿದದ್ದರ ಮೇಲೆ: ತಡವಾಗುವ ವಿದ್ಯಾರ್ಥಿವೇತನ, ಭರ್ತಿಯಾಗದ ಹುದ್ದೆ, ದುರಸ್ತಿ ಕಾಣದ ಹಾಸ್ಟೆಲ್ ಶೌಚಾಲಯ.

ಹಾಗಾದರೆ ತೆರಿಗೆ ಯಾರ ಮೇಲೆ ಎಂದು ಕೇಳಬೇಕು. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಅಂದಾಜಿಸಿತ್ತು. ಆರು ತಿಂಗಳ ನಂತರ, 2020ರ ಮಾರ್ಚ್‌ನಲ್ಲಿ, ಹಿರಿಯ ನಾಗರಿಕರ ರೈಲು ರಿಯಾಯಿತಿ ನಿಂತಿತು. ಕಾರಣ ಕೋವಿಡ್ ಎಂದರು. 58 ದಾಟಿದ ಹೆಂಗಸರಿಗೆ ಟಿಕೆಟ್ ಅರ್ಧ ದರವಾಗುತ್ತಿತ್ತು. ಕೋವಿಡ್ ಹೋದ ಮೇಲೂ ಆ ರಿಯಾಯಿತಿ ಮರಳಲಿಲ್ಲ.

ರಾಜ್ಯದ ಕೈಯಲ್ಲಿ ಉಳಿದಿರುವ ದಾರಿಗಳು ಕಡಿಮೆ: ಮದ್ಯ, ಇಂಧನ, ನೋಂದಣಿ, ವಾಹನ, ವೃತ್ತಿ ತೆರಿಗೆ. ವೃತ್ತಿ ತೆರಿಗೆಯನ್ನೇ ನೋಡಿ. ತಿಂಗಳಿಗೆ ಮೂವತ್ತು ಸಾವಿರ ಸಂಬಳದವರೂ ಮೂರು ಲಕ್ಷ ಸಂಬಳದವರೂ ನಮ್ಮಲ್ಲಿ ಒಂದೇ ಮೊತ್ತ ಕಟ್ಟುತ್ತಾರೆ. ವರ್ಷಕ್ಕೆ 2,500 ರೂಪಾಯಿ ಮೀರಬಾರದು ಎಂಬ ಮಿತಿ 1988ರಲ್ಲಿ ಸಂವಿಧಾನದ 276ನೇ ವಿಧಿಗೆ ಸೇರಿ ಅಲ್ಲೇ ನಿಂತಿದೆ. ಸಂಸತ್ತು ಈ ಮಿತಿಯನ್ನು ಏರಿಸಿದರೆ, ರಾಜ್ಯ ಡೀಸೆಲ್ ಮುಟ್ಟದೆಯೇ ದೊಡ್ಡ ಸಂಬಳದವರಿಂದ ಹೆಚ್ಚು ಪಡೆಯಬಹುದು.

ಪ್ರಶ್ನೆ ಕೇಳಿದವರಿಂದ: ಧನ್ಯವಾದಗಳು ಸರ್. ಇದನ್ನು ಅಮ್ಮನಿಗೆ ಓದಿ ಹೇಳಿದೆ. ತಿಂಗಳ ಮಾತ್ರೆಗಳಿಗೆ 640 ರೂಪಾಯಿ ಹೋಗುತ್ತದೆ, ಉಳಿದದ್ದರಲ್ಲಿ ಏನು ಕಡಿಮೆ ಮಾಡಲಿ ಎಂದು ಕೇಳುತ್ತಿದ್ದಾರೆ.