‘ಕಾರ್ಬರೇಟರಿನಿಂದ ಹೀರುವುದು’, ‘ಕಾರ್ಬರೇಟರಿಗೆ ಊದುವುದು’: ಎರಡು ಜೋಡಣೆಗಳಿಗೆ ಚಿಕ್ಕ ಹೆಸರು ಯಾವುದು?

ಮಾನ್ಯರೇ,

ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಯಂತ್ರ) ಇರುವ ಹಳೆಯ ಕಾರುಗಳ ಎಂಜಿನ್‌ಗೆ ಕಾರ್ಬರೇಟರನ್ನು (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಹೊಂದಿಸುವ ಹಾಗೂ ಬಿಚ್ಚಿ ಹೊಸದಾಗಿಸುವ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಜೆಟ್, ಫ್ಲೋಟ್, ನೀಡಲ್, ಬುಷ್, ಗ್ಯಾಸ್ಕೆಟ್ ಮುಂತಾದ ಬಿಡಿಭಾಗಗಳ ಹೆಸರುಗಳು ಗ್ಯಾರೇಜುಗಳಲ್ಲಿ ನಿತ್ಯ ಬಳಕೆಯಲ್ಲಿರುವುದರಿಂದ ಅವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ಎರಡು ಜೋಡಣೆಗಳನ್ನು ಬೇರ್ಪಡಿಸಿ ಹೆಸರಿಸುವಲ್ಲಿ.

ಮೊದಲನೆಯ ಜೋಡಣೆಯಲ್ಲಿ ಹೊರಗಿನ ಗಾಳಿ ನೇರವಾಗಿ ಕಾರ್ಬರೇಟರಿಗೆ ಬಂದು, ಅಲ್ಲಿ ಪೆಟ್ರೋಲಿನೊಡನೆ ಬೆರೆತು, ಆ ಮಿಶ್ರಣವು ಸೂಪರ್‌ಚಾರ್ಜರಿನ ಒಳಗೆ ಹಾದು ಎಂಜಿನ್ ಸೇರುತ್ತದೆ. ಎರಡನೆಯದರಲ್ಲಿ ಸೂಪರ್‌ಚಾರ್ಜರ್ ಬರಿಯ ಗಾಳಿಯನ್ನು ಒತ್ತಿ ಕಾರ್ಬರೇಟರಿಗೆ ಕಳುಹಿಸುತ್ತದೆ. ಪೆಟ್ರೋಲ್ ಬೆರೆಯುವುದು ಆಮೇಲೆ. 1928ರಲ್ಲಿ ಬಂದ ಮರ್ಸಿಡಿಸ್-ಬೆಂಝ್ ಎಸ್‌ಎಸ್‌ಕೆ ಈ ಎರಡನೆಯ ಬಗೆಯದು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ ಅದರ ಸೂಪರ್‌ಚಾರ್ಜರ್ ಕ್ಲಚ್ಚಿನ ಮೂಲಕ ಎಂಜಿನ್ನಿಗೆ ಕೂಡಿಕೊಂಡು ಕಾರ್ಬರೇಟರಿಗೆ ಗಾಳಿಯನ್ನು ನೂಕುತ್ತಿತ್ತು.

‘ಮುಂದಿನ ಕಾರ್ಬರೇಟರ್’, ‘ಹಿಂದಿನ ಕಾರ್ಬರೇಟರ್’ ಎಂದು ಹೆಸರಿಟ್ಟರೆ ಗೊಂದಲ ತಪ್ಪುವುದಿಲ್ಲ. 1929ರಿಂದ 1931ರವರೆಗೆ ತಯಾರಾದ ನಾಲ್ಕೂವರೆ ಲೀಟರಿನ ‘ಬ್ಲೋವರ್’ (ಊದುವ ಯಂತ್ರ) ಬೆಂಟ್ಲಿಯನ್ನೇ ನೋಡಿ. ಆಮ್ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಅದರ ಸೂಪರ್‌ಚಾರ್ಜರ್ ರೇಡಿಯೇಟರಿಗಿಂತಲೂ ಮುಂದೆ, ಕಾರಿನ ಮೂತಿಯಲ್ಲಿ ಕುಳಿತಿದೆ. ಎರಡು ಎಸ್‌ಯು ಕಂಪನಿಯ ಕಾರ್ಬರೇಟರುಗಳು ಅದರ ಪಕ್ಕಕ್ಕೆ ಅಂಟಿಕೊಂಡಿವೆ. ಮಿಶ್ರಣವು ಕೊಳವೆಯಲ್ಲಿ ಹಿಂದಕ್ಕೆ ಹರಿದು ಎಂಜಿನ್ನಿಗೆ ಹೋಗುತ್ತದೆ. ಇಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಕಾರನ್ನು ನೋಡುವವನಿಗೆ ಒಂದು ಬಗೆ, ಗಾಳಿಯ ದಾರಿಯನ್ನು ಹಿಡಿದು ಹೋಗುವವನಿಗೆ ಇನ್ನೊಂದು ಬಗೆ.

ಹಾಗಾಗಿ ಸ್ಥಳವನ್ನು ಬಿಟ್ಟು ಕ್ರಿಯೆಯನ್ನು ಹಿಡಿಯುವುದೇ ಸರಿ ಎಂದು ನನ್ನ ಅಭಿಪ್ರಾಯ. ‘ಹೀರುಜೋಡಣೆ’, ‘ಊದುಜೋಡಣೆ’ ಎಂಬ ಜೋಡಿ ಕಿವಿಗೆ ಹಿತವಾಗಿದೆ. ಆದರೆ ‘ಬ್ಲೋವರ್’ ಎಂಬ ಹೆಸರನ್ನೇ ಹೊತ್ತ ಆ ಬೆಂಟ್ಲಿ ಹೀರುಜೋಡಣೆಯ ಕಾರು. ಓದುಗರು ಅದನ್ನು ಊದುಜೋಡಣೆಗೆ ಸೇರಿಸಿಬಿಡುವ ಅಪಾಯವಿದೆ. ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನೂ ಕಾರ್ಬರೇಟರಿನಿಂದ ಹೀರಿಕೊಳ್ಳುತ್ತದೆಯಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ‘ಎಳೆ’ ಎಂಬ ಧಾತುವನ್ನು ಬಳಸೋಣವೆಂದರೆ, ಸವೆದ ಸಂದಿನಿಂದ ಗಾಳಿ ಒಳನುಗ್ಗುವುದಕ್ಕೆ ‘ಗಾಳಿ ಎಳೆಯುತ್ತಿದೆ’ ಎಂದು ಮೆಕ್ಯಾನಿಕ್‌ಗಳು ಹೇಳುವುದುಂಟು. ದೋಷವನ್ನು ಸೂಚಿಸುವ ಮಾತನ್ನು ಜೋಡಣೆಗೆ ಹೆಸರಾಗಿಡುವುದು ಉಚಿತವಲ್ಲ. ಸದ್ಯಕ್ಕೆ ‘ಕಾರ್ಬರೇಟರಿನಿಂದ ಹೀರುವ ಜೋಡಣೆ’, ‘ಕಾರ್ಬರೇಟರಿಗೆ ಊದುವ ಜೋಡಣೆ’ ಎಂದು ಬರೆಯುತ್ತಿದ್ದೇನೆ. ವಿಭಕ್ತಿಯೇ ಅರ್ಥವನ್ನು ಬಿಗಿಹಿಡಿಯುತ್ತದೆ. ಉದ್ದ ಮಾತ್ರ ಹೆಚ್ಚಾಯಿತು.

ಈ ವ್ಯತ್ಯಾಸದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ, ರಿಪೇರಿಯ ಕ್ರಮವೇ ಇದರಿಂದ ಬದಲಾಗುತ್ತದೆ. ಥ್ರಾಟಲ್ ಸ್ಪಿಂಡಲ್ (ಕಾರ್ಬರೇಟರಿನ ಹಾದಿಯನ್ನು ತೆರೆದು ಮುಚ್ಚುವ ತಟ್ಟೆಯ ಕಡ್ಡಿ) ಸವೆದು ಅಲುಗಾಡುತ್ತಿದೆ ಎನ್ನಿ. ಹೀರುವ ಜೋಡಣೆಯಲ್ಲಿ ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ. ಎಂಜಿನ್ ಐಡಲಿಂಗಿನಲ್ಲಿ ಒಂದೇ ಸಮನೆ ನಿಲ್ಲುವುದಿಲ್ಲ. ಊದುವ ಜೋಡಣೆಯಲ್ಲಿ, ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಹೆಚ್ಚುವರಿ ಒತ್ತಡ) ಏರಿದಾಗ ಅದೇ ಸಂದಿನಿಂದ ಪೆಟ್ರೋಲ್ ಬೆರೆತ ಗಾಳಿ ಬಿಸಿ ಎಂಜಿನ್ನಿನ ಮೇಲೆ ಹೊರಚಿಮ್ಮುತ್ತದೆ, ಅದು ಬೆಂಕಿಗೆ ದಾರಿ. ಮೊದಲನೆಯದರಲ್ಲಿ ಎರಡೂ ಬದಿಯ ರಂಧ್ರಗಳನ್ನು ಹಿಗ್ಗಿಸಿ, ಹೊಸ ಬುಷ್ (ರಂಧ್ರದೊಳಗೆ ಕೂರುವ ಲೋಹದ ಬಳೆ) ಕೂರಿಸಿ, ಎರಡನ್ನೂ ಒಂದೇ ನೇರದಲ್ಲಿ ರೀಮರ್ (ರಂಧ್ರವನ್ನು ನಯವಾಗಿ ಅಳತೆಗೆ ತರುವ ಉಪಕರಣ) ಹಾಯಿಸಿದರೆ ಸಾಕಾದೀತು. ಎರಡನೆಯದರಲ್ಲಿ ಅದರ ಜೊತೆಗೆ ಸ್ಪಿಂಡಲ್ಲಿಗೆ ಸೀಲ್ ಕೂಡ ಬೇಕು. ಊದುವ ಜೋಡಣೆಯಲ್ಲಿ ಫ್ಲೋಟ್ ಪಾತ್ರೆಯ (ಕಾರ್ಬರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪಾತ್ರೆ) ಗಾಳಿರಂಧ್ರವನ್ನು ಹೊರಗೆ ತೆರೆದಿಡುವಂತಿಲ್ಲ. ಕಾರ್ಬರೇಟರಿನ ಬಾಯಿಯಲ್ಲಿರುವ ಒತ್ತಡವೇ ಅಲ್ಲಿಯೂ ಇರದಿದ್ದರೆ ಪೆಟ್ರೋಲ್ ಜೆಟ್‌ನಿಂದ ಮೇಲೇಳದು. ಪೆಟ್ರೋಲ್ ಪಂಪೂ ಆ ಒತ್ತಡವನ್ನು ಮೀರಬೇಕು: ಬೂಸ್ಟ್ ಚದರ ಅಂಗುಲಕ್ಕೆ 7 ಪೌಂಡ್ ಇದ್ದರೆ ಪಂಪಿನಿಂದ 9-10 ಪೌಂಡ್ ಬರಬೇಕಾಗುತ್ತದೆ. ಹೀರುವ ಜೋಡಣೆಗೆ ಈ ಯಾವ ತೊಂದರೆಯೂ ಇಲ್ಲ. ಆದರೆ ಅಲ್ಲಿ ಸೂಪರ್‌ಚಾರ್ಜರಿನಿಂದ ಎಂಜಿನ್ನಿನವರೆಗೆ ಕೊಳವೆಯ ತುಂಬ ಹೊತ್ತಿಕೊಳ್ಳಬಲ್ಲ ಮಿಶ್ರಣವೇ ಇರುವುದರಿಂದ, ಎಂಜಿನ್ನಿನ ಒಳಗಿನ ಉರಿ ಹಿಂದಕ್ಕೆ ಕೊಳವೆಯೊಳಗೆ ಸಿಡಿದರೆ ಒತ್ತಡವನ್ನು ಹೊರಬಿಡಲು ಸ್ಪ್ರಿಂಗ್ ಇರುವ ವಾಲ್ವ್ ಬೇಕೇ ಬೇಕು. ಓದುಗ ಒಂದು ಜೋಡಣೆಯ ಸೂಚನೆಯನ್ನು ಇನ್ನೊಂದಕ್ಕೆ ಅನ್ವಯಿಸಿಕೊಂಡರೆ ಕಾರು ಮಾತ್ರವಲ್ಲ, ಮನುಷ್ಯನಿಗೂ ಅಪಾಯ.

ಇದರೊಡನೆ ‘ಚೋಕ್’ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಹಳೆಯ ಕೈಪಿಡಿಗಳಲ್ಲಿ ಈ ಪದಕ್ಕೆ ಕಾರ್ಬರೇಟರಿನ ಒಳಗಿನ ಕಿರಿದಾದ ಹಾದಿ ಎಂಬ ಅರ್ಥವೂ ಇದೆ. ನಮ್ಮಲ್ಲಿ ಚೋಕ್ ಎಂದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಗುಂಡಿ. ‘ದೊಡ್ಡ ಚೋಕ್ ಹಾಕಿ’ ಎಂದು ಬರೆದರೆ ಅರ್ಥವೇ ಕೆಡುತ್ತದೆಂದು ಮೊದಲನೆಯ ಅರ್ಥಕ್ಕೆ ‘ಗಂಟಲು’ ಎಂದು ಬಳಸಿದ್ದೇನೆ. ಎಸ್‌ಯು ಕಾರ್ಬರೇಟರಿನಲ್ಲಿ ಪಿಸ್ಟನ್ ಏರಿಳಿದಂತೆ ಈ ಹಾದಿ ಹಿಗ್ಗಿ ಕುಗ್ಗುವುದರಿಂದ ಆ ಪದ ಅಲ್ಲಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಬಲ್ಲವರು ಎರಡು ವಿಷಯಗಳಲ್ಲಿ ನೆರವಾಗಬೇಕೆಂದು ಕೋರುತ್ತೇನೆ. ವಿಭಕ್ತಿಯ ಸ್ಪಷ್ಟತೆಯನ್ನು ಕಳೆದುಕೊಳ್ಳದೆ ಮೇಲಿನ ಎರಡು ಹೆಸರುಗಳನ್ನು ಸಮಾಸವಾಗಿ ಕಿರಿದುಗೊಳಿಸಲು ಸಾಧ್ಯವೇ? ಲಾರಿ, ಬಸ್ಸುಗಳ ಟರ್ಬೋ ಕೆಲಸ ಮಾಡುವವರು ಗಾಳಿಯನ್ನು ಒತ್ತಿ ಕಳುಹಿಸುವ ಕ್ರಿಯೆಗೆ ಊದು, ನೂಕು, ತುಂಬು ಇವುಗಳಲ್ಲಿ ಯಾವ ಮಾತನ್ನು ಆಡುತ್ತಾರೆ? ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿದರೆ ಕೈಪಿಡಿಯಲ್ಲಿ ಆ ಮಾತನ್ನೇ ಇಟ್ಟುಕೊಳ್ಳುತ್ತೇನೆ.