ಉಪಗ್ರಹಕ್ಕೆ ನಮ್ಮ ಬೀದಿಯ ಹೊಗೆ ಕಾಣುತ್ತದಾ?

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಉಪಗ್ರಹಗಳಿಂದ ಬರುವ ಗಾಳಿಯ ಮಾಹಿತಿಯ ಮೇಲೆ ಕೆಲಸ ಮಾಡುವ ಮೇಡಂ. ಒಬ್ಬರು ಒಂದೇ ಪ್ರಶ್ನೆ ಕೇಳಿ ಅಂದಿದ್ದೆವು, ಆ ಮಾತನ್ನು ಯಾರೂ ಪಾಲಿಸಲಿಲ್ಲ ಬಿಡಿ.

ಪ್ರಶ್ನೆ (ಪೀಣ್ಯದ ಹತ್ತಿರದಿಂದ): ಮೇಡಂ, ನನ್ನ ಮಗನಿಗೆ ಉಬ್ಬಸ ಇದೆ. ದಿನಾ ಒಂದು ಆ್ಯಪ್ ನೋಡ್ತೀನಿ. ನಮ್ಮ ಏರಿಯಾ ಹಸಿರು ಬಣ್ಣದಲ್ಲಿರುತ್ತೆ, ಕೆಳಗೆ ‘ಉಪಗ್ರಹದ ಮಾಹಿತಿ’ ಅಂತ ಬರೆದಿರುತ್ತೆ. ಆದರೆ ರಾತ್ರಿ ಕಿಟಕಿ ತೆಗೆದರೆ ಸುಟ್ಟ ವಾಸನೆ. ಯಾವುದನ್ನ ನಂಬಬೇಕು?

ಉತ್ತರ: ಸದ್ಯಕ್ಕೆ ನಿಮ್ಮ ಮೂಗನ್ನು ನಂಬಿ, ಕಿಟಕಿ ಹಾಕಿ. ಆ್ಯಪ್ ಸುಳ್ಳು ಹೇಳುತ್ತಿದೆ ಅಂತಲ್ಲ. ಅದಕ್ಕೆ ನಿಮ್ಮ ರಾತ್ರಿ ಕಾಣುವುದೇ ಇಲ್ಲ.

ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹವನ್ನೇ ತೆಗೆದುಕೊಳ್ಳಿ. 2017ರ ಅಕ್ಟೋಬರ್‌ನಲ್ಲಿ ಹಾರಿಸಿದ್ದು. ಅದರಲ್ಲಿರುವ ಟ್ರೊಪೊಮಿ ಅನ್ನುವ ಉಪಕರಣ ಸುಮಾರು 824 ಕಿ.ಮೀ. ಎತ್ತರದಿಂದ ನೋಡುತ್ತದೆ. ಅದಕ್ಕೆ ಒಂದು ಚುಕ್ಕೆ ಅಂದರೆ 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲದ ಜಾಗ. ಫ್ಯಾಕ್ಟರಿ, ಹೆದ್ದಾರಿ, ನಿಮ್ಮ ಬೀದಿ, ಪಕ್ಕದ ಕೆರೆ ಎಲ್ಲ ಸೇರಿ ಒಂದೇ ಸಂಖ್ಯೆ. ಜೊತೆಗೆ ಅದು ನಮ್ಮ ತಲೆಯ ಮೇಲೆ ಹೋಗುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ಬೆಳಿಗ್ಗೆ ಒಂಬತ್ತರ ಟ್ರಾಫಿಕ್ಕೂ ಅದಕ್ಕೆ ಗೊತ್ತಿಲ್ಲ, ರಾತ್ರಿ ಹತ್ತರ ಕಸದ ಬೆಂಕಿಯೂ ಗೊತ್ತಿಲ್ಲ. ಉಳಿದ ಹೊತ್ತಿಗೆ ಆ್ಯಪ್ ತೋರಿಸುವುದು ಕಂಪ್ಯೂಟರ್ ಹಾಕಿದ ಅಂದಾಜು. ಹತ್ತಿರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರ ಇದ್ದರೆ ಮೊದಲು ಅದರ ಅಂಕಿ ನೋಡಿ.

ಪ್ರಶ್ನೆ (ಅವರೇ): ಅಷ್ಟು ದೂರದಿಂದ ಗಾಳಿ ಮುಟ್ಟದೆ ಹೇಗೆ ಅಳೆಯುತ್ತೆ?

ಉತ್ತರ: ಬೆಳಕಿನಿಂದ. ಬಿಸಿಲು ಗಾಳಿಯೊಳಗೆ ಇಳಿದು, ನೆಲಕ್ಕೆ ತಾಗಿ, ವಾಪಸ್ ಮೇಲೆ ಹೋಗುತ್ತದೆ ಅಲ್ವಾ? ದಾರಿಯಲ್ಲಿ ಒಂದೊಂದು ಅನಿಲ ಒಂದೊಂದು ಬಣ್ಣದ ಬೆಳಕನ್ನು ತಿನ್ನುತ್ತದೆ. ವಾಹನ ಮತ್ತು ಕಲ್ಲಿದ್ದಲಿನಿಂದ ಬರುವ ನೈಟ್ರೋಜನ್ ಡೈಆಕ್ಸೈಡ್‌ಗೆ ನೀಲಿ ಬೆಳಕು ಇಷ್ಟ. ವಾಪಸ್ ಬಂದ ಬೆಳಕಿನಲ್ಲಿ ಎಷ್ಟು ಕಮ್ಮಿಯಾಗಿದೆ ಅಂತ ನೋಡಿ, ಅನಿಲ ಎಷ್ಟಿದೆ ಅಂತ ಲೆಕ್ಕ ಹಾಕುತ್ತೇವೆ.

ಆದರೆ ಎಲ್ಲರೂ ಕೇಳುವ ಪಿಎಂ 2.5 ಇದೆಯಲ್ಲ, ಆ ಸಣ್ಣ ದೂಳು, ಅದರ ತೂಕವನ್ನು ಯಾವ ಉಪಗ್ರಹವೂ ನೇರವಾಗಿ ಅಳೆಯುವುದಿಲ್ಲ. ಜನ ಎಡವುವುದೇ ಇಲ್ಲಿ. ಉಪಗ್ರಹಕ್ಕೆ ಸಿಗುವುದು ನೆಲದಿಂದ ಮೇಲಿನ ತನಕ ಒಟ್ಟು ಎಷ್ಟು ಮಬ್ಬು ಇದೆ ಅನ್ನುವುದಷ್ಟೇ.

ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಏನಾಗುತ್ತೆ ನೆನಪಿಸಿಕೊಳ್ಳಿ. ಎತ್ತರದ ಹೆಂಚಿನ ಮನೆಯಲ್ಲಿ ಘಾಟು ಮೇಲೆ ಹೋಗಿ ಹರಡಿಕೊಳ್ಳುತ್ತದೆ. ಅದೇ ಎರಡು ಮೆಣಸಿನಕಾಯಿ ತಗ್ಗು ಸೂರಿನ ಕೋಣೆಯಲ್ಲಿ ಹಾಕಿ, ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಘಾಟು ಅಷ್ಟೇ, ಸೂರು ಬೇರೆ. ಚಳಿಗಾಲದ ರಾತ್ರಿ ಗಾಳಿಯ ಸೂರು, ಅಂದರೆ ಹೊಗೆ ದೂಳು ಹರಡಿಕೊಳ್ಳುವ ಎತ್ತರ, ಕೆಲವು ನೂರು ಮೀಟರಿಗೆ ಇಳಿದುಬಿಡುತ್ತದೆ, ಬೇಸಿಗೆಯ ಮಧ್ಯಾಹ್ನ ಎರಡು ಮೂರು ಕಿ.ಮೀ. ತನಕ ಏರುತ್ತದೆ. ಮೇಲಿನಿಂದ ನೋಡುವವನಿಗೆ ಎರಡೂ ಒಂದೇ ಥರ ಕಾಣಬಹುದು. ಇನ್ನು ತೇವ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರು ಬಿಡುವ ಹಾಗೆ ದೂಳಿನ ಕಣಗಳೂ ನೀರು ಹೀರಿ ಊದಿಕೊಳ್ಳುತ್ತವೆ, ದೂಳು ಜಾಸ್ತಿ ಆಗದಿದ್ದರೂ ಮಬ್ಬು ಜಾಸ್ತಿ ಕಾಣುತ್ತದೆ. ಇದನ್ನೆಲ್ಲ ಸರಿಮಾಡಲು ನೆಲದ ಮೇಲಿನ ಮಾಪಕ ಬೇಕೇ ಬೇಕು.

ಪ್ರಶ್ನೆ (ದೆಹಲಿಯಲ್ಲಿರುವ ಕನ್ನಡಿಗರು): ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುವುದು ಕಮ್ಮಿಯಾಗಿದೆ, ಉಪಗ್ರಹದಲ್ಲೇ ಕಾಣುತ್ತಿದೆ ಅಂತ ಸುದ್ದಿ ಬರುತ್ತೆ. ನವೆಂಬರ್‌ನಲ್ಲಿ ನಮಗಂತೂ ವ್ಯತ್ಯಾಸ ಗೊತ್ತಾಗ್ತಿಲ್ಲ ಮೇಡಂ.

ಉತ್ತರ: ಒಳ್ಳೆ ಪ್ರಶ್ನೆ. ಬೆಂಕಿ ಎಣಿಸಲು ಹೆಚ್ಚಾಗಿ ಬಳಸುವುದು ಅಮೆರಿಕದ ಉಪಗ್ರಹಗಳಲ್ಲಿರುವ ವೀರ್ಸ್ ಮತ್ತು ಮೋಡಿಸ್ ಉಪಕರಣಗಳನ್ನು. ಹಗಲಲ್ಲಿ ಇವುಗಳ ಮುಖ್ಯ ಸುತ್ತು ಕೂಡ ಒಂದೂವರೆ ಗಂಟೆ ಆಸುಪಾಸು. ಅದು ದಾಟಿ ಹೋದಮೇಲೆ, ಸಂಜೆ ಹಚ್ಚಿದರೆ? ಎಣಿಕೆಗೆ ಸಿಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಕೊರಿಯಾದ ಉಪಗ್ರಹದ ಚಿತ್ರಗಳನ್ನು ನೋಡಿದವರು, ಇತ್ತೀಚಿನ ವರ್ಷಗಳಲ್ಲಿ ಬೆಂಕಿ ಸಂಜೆಯ ಕಡೆಗೆ ಜರುಗಿದೆ ಅಂತ ತೋರಿಸಿದ್ದಾರೆ. ಹಾಗಂತ ಸುಡುವುದು ಸ್ವಲ್ಪವೂ ಇಳಿದಿಲ್ಲ ಅಂತ ನಾನು ಹೇಳುತ್ತಿಲ್ಲ. ಬೆಂಕಿ ಎಣಿಸುವುದರ ಜೊತೆಗೆ ಕಪ್ಪಾದ ಹೊಲ ಎಷ್ಟು ಅಂತಲೂ ಅಳೆಯಬೇಕು. ಬೆಂಕಿ ಆರಿಹೋಗುತ್ತದೆ, ಕಪ್ಪು ಕಲೆ ಕೆಲವು ದಿನವಾದರೂ ಇರುತ್ತದೆ.

ಇನ್ನೊಂದು ತಮಾಷೆ. ಹೊಗೆ ಮಂಜು ತೀರಾ ದಟ್ಟವಾದ ದಿನ ಲೆಕ್ಕ ಹಾಕುವ ಪ್ರೋಗ್ರಾಮ್ ಅದನ್ನು ಮೋಡ ಅಂದುಕೊಂಡು ಬಿಟ್ಟುಬಿಡುವುದುಂಟು. ನಿಮ್ಮ ಅತಿ ಕೆಟ್ಟ ದಿನವೇ ನಕ್ಷೆಯಲ್ಲಿ ಖಾಲಿ!

ಪ್ರಶ್ನೆ (ಬಳ್ಳಾರಿಯ ಮೇಷ್ಟ್ರು): ನಮ್ಮ ಕಡೆ ಅದಿರು ಲಾರಿ ಓಡಾಡಿ ಮರದ ಎಲೆಗಳೆಲ್ಲ ಕೆಂಪು. ಇದನ್ನ ಮಕ್ಕಳಿಗೆ ಉಪಗ್ರಹದಲ್ಲಿ ತೋರಿಸಬಹುದಾ?

ಉತ್ತರ: ಆ ಕೆಂಪು ದೂಳು ಸಿಗುವುದು ಕಷ್ಟ ಸರ್. ದಪ್ಪ ದೂಳು ರಸ್ತೆ ಪಕ್ಕದಲ್ಲೇ ಕೂತುಬಿಡುತ್ತದೆ. ಆದರೆ ನಿಮ್ಮ ಜಿಲ್ಲೆಯಲ್ಲಿ ಬೇರೆಯದನ್ನು ತೋರಿಸಬಹುದು. ಕೊಪರ್ನಿಕಸ್ ಬ್ರೌಸರ್ ಅಂತ ಯುರೋಪಿನ ಉಪಗ್ರಹ ಚಿತ್ರಗಳ ವೆಬ್‌ಸೈಟ್ ಇದೆ, ಉಚಿತ. ಅದರಲ್ಲಿ ನೈಟ್ರೋಜನ್ ಡೈಆಕ್ಸೈಡ್ ಪದರ ಹಾಕಿ, ಕುಡಿತಿನಿಯ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ನೋಡಿ. ಒಂದೇ ದಿನದ ಚಿತ್ರ ನೋಡಿ ತೀರ್ಮಾನ ಮಾಡಬೇಡಿ, ಗಾಳಿ ಬೀಸಿದ ಕಡೆ ಎಲ್ಲ ಜರುಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಹತ್ತಾರು ದಿನ ನೋಡಿ, ಮತ್ತೆ ಮತ್ತೆ ಅದೇ ಜಾಗ ನಕ್ಷೆಯಲ್ಲಿ ಕೆಂಪಾಗುತ್ತಾ (ಅಂದರೆ ಅನಿಲ ಜಾಸ್ತಿ) ಅಂತ ಮಕ್ಕಳೇ ಗುರುತು ಹಾಕಲಿ. ಮಳೆಗಾಲ ಬಿಟ್ಟುಬಿಡಿ, ಬರೀ ಮೋಡ.

2020ರ ಲಾಕ್‌ಡೌನ್ ದಿನಗಳನ್ನೂ ತೋರಿಸಿ. ಮುಂಬೈ, ದೆಹಲಿಯಲ್ಲಿ ಈ ಅನಿಲ ಹಿಂದಿನ ವರ್ಷಕ್ಕಿಂತ ಸುಮಾರು 40ರಿಂದ 50 ಶೇಕಡಾ ಇಳಿದಿತ್ತು. ಆದರೆ ಪೂರ್ವ ಭಾರತದ ಕಲ್ಲಿದ್ದಲು ಸ್ಥಾವರಗಳ ಮಚ್ಚೆಗಳು ಹಾಗೇ ಉಳಿದಿದ್ದವು. ಕಾರು ನಿಂತಿತ್ತು, ಕರೆಂಟ್ ನಿಂತಿರಲಿಲ್ಲ.

ಪ್ರಶ್ನೆ (ವಿದ್ಯಾರ್ಥಿ): ಒಂದೇ ಕಡೆ ನಿಂತು ದಿನವಿಡೀ ನೋಡುವ ಉಪಗ್ರಹ ಇಲ್ವಾ?

ಉತ್ತರ: ಇದೆ. ಕೊರಿಯಾದ ಇನ್ನೊಂದು ಉಪಗ್ರಹದಲ್ಲಿರುವ ಜೆಮ್ಸ್ ಅನ್ನುವ ಉಪಕರಣ, 2020ರ ಫೆಬ್ರವರಿಯಲ್ಲಿ ಹೋಯಿತು, ಹಗಲಲ್ಲಿ ಗಂಟೆಗೊಮ್ಮೆ ಏಷ್ಯಾದ ಅನಿಲಗಳನ್ನು ನೋಡುತ್ತದೆ. ಭಾರತ ಅದರ ನೋಟದ ಪಶ್ಚಿಮ ಅಂಚಿನಲ್ಲಿದೆ, ಪೂರ್ತಿ ಸಿಗುವುದಿಲ್ಲ. ಇಸ್ರೋದ ಇನ್ಸಾಟ್-3ಡಿಆರ್, 3ಡಿಎಸ್ ದಿನವಿಡೀ ನಮ್ಮನ್ನೇ ನೋಡುತ್ತವೆ, ಆದರೆ ಅವು ಹವಾಮಾನಕ್ಕೆ ಮಾಡಿದವು. ಮಬ್ಬು ಸಿಗುತ್ತದೆ, ನೈಟ್ರೋಜನ್ ಡೈಆಕ್ಸೈಡ್ ಸಿಗುವುದಿಲ್ಲ.

ಪೀಣ್ಯದವರು: ಹಾಗಾದ್ರೆ ನಮ್ಮ ಬೀದಿಯಲ್ಲಿ ಪ್ಲಾಸ್ಟಿಕ್ ಸುಡುವವರಿಗೆ ಮಧ್ಯಾಹ್ನ ಒಂದೂವರೆಗೆ ಸುಡಿ ಅಂತ ಹೇಳ್ತೀನಿ ಮೇಡಂ, ಕಾಣಲಿ 😄

ಉತ್ತರ: ಆಗಲೂ ಕಾಣಲ್ಲಮ್ಮ, ಸುಮಾರು 19 ಚದರ ಕಿ.ಮೀ.ನಲ್ಲಿ ಒಂದು ಕಸದ ಗುಡ್ಡೆ ಎಲ್ಲಿ ಲೆಕ್ಕ! ಗಂಟೆ, ಜಾಗ ಕಾಣುವ ಹಾಗೆ ಫೋನಲ್ಲಿ ಫೋಟೋ ತೆಗೆದು ವಾರ್ಡ್ ಆಫೀಸಿಗೆ ಕೊಡಿ. ಮಗನ ಉಬ್ಬಸ ಯಾವ ದಿನ ಜಾಸ್ತಿಯಾಯಿತು ಅಂತಲೂ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ.