ಅಪ್‌ಡೇಟ್: ‘ವೆಸ್ಟೆಡ್ ರೈಟ್’ ಅಂದರೆ ಏನು ಅಂತ ಕೇಳಿದ್ದೆನಲ್ಲ

ವಿಲ್ ಒಂದನ್ನು ಕನ್ನಡಕ್ಕೆ ತರುವಾಗ ‘ವೆಸ್ಟೆಡ್ ರೈಟ್’ ಅನ್ನೋ ಮಾತು ಸಿಕ್ಕಿತ್ತು. ಪತ್ರಿಕೆಗಳು ಬೈಯುವ ‘ಪಟ್ಟಭದ್ರ ಹಿತಾಸಕ್ತಿ’ಯೇ ಇದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ವಕೀಲರೊಬ್ಬರನ್ನೂ ವಿಚಾರಿಸಿದೆ.

ಕಾನೂನಿನಲ್ಲಿ ಈ ಪದಕ್ಕೆ ಕೆಟ್ಟ ಅರ್ಥವೇ ಇಲ್ಲ. ಈಗಾಗಲೇ ಗಟ್ಟಿಯಾದ ಹಕ್ಕು, ಅಷ್ಟೇ. ಆದರೆ ಹಕ್ಕು ಗಟ್ಟಿಯಾಗುವುದೇ ಬೇರೆ, ಆಸ್ತಿ ಕೈಗೆ ಬರುವುದೇ ಬೇರೆ. ‘ಹೆಂಡತಿ ಇರುವ ತನಕ ಮನೆ ಅವಳ ಅನುಭವಕ್ಕೆ, ಆಮೇಲೆ ಮಗಳಿಗೆ’ ಅಂತ ವಿಲ್ ಬರೆದವರು ತೀರಿಕೊಂಡರು ಅಂದುಕೊಳ್ಳಿ. ಮಗಳ ಹಕ್ಕು ಅವತ್ತೇ ವೆಸ್ಟ್ ಆಗುತ್ತದೆ. ತಾಯಿಗಿಂತ ಮುಂಚೆ ಮಗಳೇ ತೀರಿಕೊಂಡರೂ ಸಾಮಾನ್ಯವಾಗಿ ಆ ಹಕ್ಕು ಅವಳ ವಾರಸುದಾರರಿಗೆ ಹೋಗುತ್ತದೆ. ಅದೇ ‘ಮಗಳು ಡಿಗ್ರಿ ಮುಗಿಸಿದರೆ ಮನೆ ಅವಳಿಗೆ’ ಅಂತಿದ್ದರೆ? ಮುಗಿಸುವ ತನಕ ಅದು ಷರತ್ತಿನ ಹಕ್ಕು, ಕಂಟಿಂಜೆಂಟ್. ‘ಆಮೇಲೆ’ ಮತ್ತು ‘ಮುಗಿಸಿದರೆ’ ನಡುವೆ ಇಡೀ ಮನೆಯೇ ನಿಂತಿದೆ, ಅಲ್ವಾ? ಅನುವಾದಕರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು.

ಕಂಪನಿಗಳು ನೌಕರರಿಗೆ ಕೊಡುವ ಷೇರಿಗೂ ಇದೇ ಪದ. ಎಷ್ಟೋ ಕಡೆ ಅದು 4 ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ವೆಸ್ಟ್ ಆಗುತ್ತದೆ. ‘ವೆಸ್ಟೆಡ್ ಇನ್ ದಿ ಕೋರ್ಟ್’ ಅಂದರೆ ಮಾತ್ರ ಕೋರ್ಟಿಗೆ ಕೊಟ್ಟಿರುವ ಅಧಿಕಾರ.

ನಾನು ಕೊನೆಗೆ ‘ನಿಹಿತ ಹಕ್ಕು’ ಅಂತಲೇ ಬರೆದೆ. ಮೊದಲ ಸಲ ಬಂದ ಕಡೆ ಅರ್ಥವನ್ನೂ ಒಂದು ಸಾಲಿನಲ್ಲಿ ಬಿಡಿಸಿ ಹೇಳಿದ್ದೇನೆ. ವಕೀಲರು ಓದಿ ಒಪ್ಪಿದರು.